ಕೊಂಡಿ ಇಲ್ಲದ ಸೀರೆ

ಅವತ್ತು ನವೆಂಬರ್ 1. ಟಿವಿ ಚಾನೆಲ್‌ಗಳಲ್ಲಿ ಒಂದು ಅಲಿಖಿತ ನಿಯಮ ಇದೆ, ನೀವೂ ಗಮನಿಸಿರ್ತೀರಿ. ರಾಜ್ಯೋತ್ಸವದ ದಿನ ಗಂಡು ನಿರೂಪಕರ ಹೆಗಲಿಗೆ ಹಳದಿ-ಕೆಂಪು ಶಲ್ಯ ಬೀಳುತ್ತೆ, ನಮ್ಮಂಥವರ ಮೈಮೇಲೆ ಇಳಕಲ್ ಸೀರೆ ಬರುತ್ತೆ. ನಾನೂ ಉಟ್ಟಿದ್ದೆ. ಗಿಳಿ ಹಸಿರಿನ ಒಡಲು, ಕೆಂಪು ದಡಿ. ಬೆಂಗಳೂರಿನ ಒಂದು ಅಂಗಡಿಯಲ್ಲಿ ತಂದದ್ದು. 'ಒರಿಜಿನಲ್ ಇಳಕಲ್ ಮೇಡಂ' ಅಂತ ಅಂಗಡಿಯವರು ಎರಡು ಸಲ ಹೇಳಿದ್ದರು. ಎರಡು ಸಲ ಹೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದೆ. ಡೆಸ್ಕ್ ಹುಡುಗ, 'ಮೇಡಂ, ಬಾಗಲಕೋಟೆ ಕಡೆಯವರು ಯಾರೋ ಮೂರು ಸಲ ಫೋನ್ ಮಾಡಿದ್ರು, ನಿಮ್ಮ ಹತ್ರಾನೇ ಮಾತಾಡಬೇಕಂತೆ' ಅಂದ. ಸಾಮಾನ್ಯವಾಗಿ ಇಂಥ ಕರೆ ಬಂದರೆ ಏನೋ ತಪ್ಪು ಓದಿದ್ದೀನಿ ಅಂತಲೇ ಅರ್ಥ. ಹೆದರಿಕೊಂಡೇ ರಿಸೀವರ್ ತಗೊಂಡೆ. ಆ ಕಡೆ ವಯಸ್ಸಾದ ದನಿ.

'ಅಕ್ಕಾರ, ಸುದ್ದಿ ಛಲೋ ಓದಿದ್ರಿ. ಆದ್ರ ಸೀರಿ ಸುಳ್ಳ ಐತ್ರಿ.'

ಸುದ್ದಿ ಸುಳ್ಳು ಅಂತ ಬೈಸಿಕೊಂಡಿದ್ದೀನಿ. ಸೀರೆ ಸುಳ್ಳು ಅಂತ ಅದೇ ಮೊದಲು. ಏನಾಗಿದೆ ಅಂತ ಕೇಳಿದೆ. 'ನಿಮ್ಮ ಸೆರಗಿಗೆ ಕೊಂಡಿ ಇಲ್ರಿ. ಸೆರಗ ಕೆಂಪ ಇಲ್ಲ, ಕಂದ ಬಡದೈತಿ. ನಾ ಐವತ್ತ ವರ್ಷ ಮಗ್ಗದಾಗ ಕುಂತೀನಿ, ಟಿವಿಯಾಗ ನೋಡಿದ್ರೂ ತಿಳೀತೈತಿ.' ಅಷ್ಟು ಹೇಳಿ, ರಾಜ್ಯೋತ್ಸವದ ಶುಭಾಶಯ ತಿಳಿಸಿ, ಫೋನ್ ಇಟ್ಟರು.

ಮನೆಗೆ ಹೋಗಿ ದೀಪದ ಕೆಳಗೆ ಸೆರಗು ಬಿಡಿಸಿ ನೋಡಿದೆ. ಅವರು ಹೇಳಿದ್ದು ನಿಜ. ಕೆಂಪಿನೊಳಗೆ ಹಸಿರು ಇಣುಕುತ್ತಿತ್ತು. ಅಷ್ಟು ದಿನ ಅದನ್ನು ನಾನು 'ಶೇಡ್' ಅಂದುಕೊಂಡಿದ್ದೆ!

ಆ ಕೊಂಡಿ ಅಂದರೇನು? ಇಳಕಲ್ ಸೀರೆಯ ಇಡೀ ಚರಿತ್ರೆ ಅದರಲ್ಲೇ ಸಿಕ್ಕಿಕೊಂಡಿದೆ. ಅದಕ್ಕೇ ಈ ಮಾತು.

ನೋಡಿ, ಬಟ್ಟೆ ಅಂದರೆ ಉದ್ದಕ್ಕೆ ಓಡುವ ಹಾಸು, ಅಡ್ಡಕ್ಕೆ ಓಡುವ ಹೊಕ್ಕು. ಸಾಮಾನ್ಯ ಸೀರೆಯಲ್ಲಿ ಹಾಸು ಈ ತುದಿಯಿಂದ ಆ ತುದಿವರೆಗೂ ಒಂದೇ. ಹಸಿರು ಹಾಸಿನ ಮೇಲೆ ಸೆರಗಿನ ಹತ್ತಿರ ಕೆಂಪು ಹೊಕ್ಕು ಹಾಕಿದರೆ ಏನಾಗುತ್ತೆ? ಹಸಿರೂ ಕೆಂಪೂ ಬೆರೆತು ಮಂಕಾಗುತ್ತೆ. ನನ್ನ ಸೀರೆಗೆ ಆಗಿದ್ದು ಅದೇ. ಇಳಕಲ್ಲಿನ ನೇಕಾರರು ಇದಕ್ಕೆ ಒಪ್ಪಲಿಲ್ಲ. ಒಡಲು ಯಾವ ಬಣ್ಣವಾದರೂ ಇರಲಿ, ಸೆರಗು ಮಾತ್ರ ಕೆಂಪೇ ಆಗಬೇಕು. ಹಾಗಾದರೆ ಸೆರಗಿಗೆ ಬೇರೆಯೇ ಹಾಸು ಬೇಕು, ಕೆಂಪು ರೇಷ್ಮೆಯದು. ಒಡಲಿಗೆ ಬೇರೆ ಹಾಸು, ಹತ್ತಿಯದು. ಇವೆರಡನ್ನೂ ಸೇರಿಸೋದು ಹೇಗೆ? ಒಂದು ಎಳೆಯನ್ನು ಕುಣಿಕೆ ಮಾಡಿ, ಅದರೊಳಗೆ ಇನ್ನೊಂದು ಎಳೆಯ ಕುಣಿಕೆ ತೂರಿಸಿ. ಎಳೆಗೆ ಎಳೆ. ಒಂದಲ್ಲ ಎರಡಲ್ಲ, ಸೀರೆಯ ಅಗಲಕ್ಕೆ ಬರುವ ಸಾವಿರಗಟ್ಟಲೆ ಎಳೆಗಳಿಗೆ. ಅದೂ ಬರೀ ಕೈಯಲ್ಲಿ. ಇದೇ ಕೊಂಡಿ.

ಇದರ ಪರಿಣಾಮ ಇನ್ನೊಂದಿದೆ, ಅದನ್ನು ನಾವು ಯೋಚನೆ ಮಾಡಲ್ಲ. ಹತ್ತು ಸೀರೆಗಾಗುವಷ್ಟು ಹಾಸು ಒಟ್ಟಿಗೆ ಸುತ್ತಿಟ್ಟು ಸರಸರ ನೇಯೋಕೆ ಇಲ್ಲಿ ಆಗಲ್ಲ. ಒಂದು ಸೀರೆಗೆ ಒಂದು ಹಾಸು. ಆರು ಗಜದ್ದೋ, ಎಂಟು ಗಜದ್ದೋ, ಒಂಬತ್ತು ಗಜದ್ದೋ ಮೊದಲೇ ತೀರ್ಮಾನ ಆಗಬೇಕು. ಒಂದು ಮುಗಿದ ಮೇಲೆ ಇನ್ನೊಂದಕ್ಕೆ ಮತ್ತೆ ಮೊದಲಿನಿಂದ ಕೊಂಡಿ.

ಆ ಸೆರಗಿಗೆ ಟೋಪ ತೆನಿ ಸೆರಗು ಅಂತ ಹೆಸರು. ಕೆಂಪಿನ ಮೂರು ಪಟ್ಟೆ, ನಡುವೆ ಬಿಳಿಯ ಎರಡು. ಕೆಂಪು-ಬಿಳಿ ಸಂಧಿಸುವಲ್ಲಿ ಹಲ್ಲು ಹಲ್ಲಾಗಿ ಮೂಡುವ ಆಕಾರಕ್ಕೆ ಒಂದೊಂದು ಹೆಸರು. ತೆನಿ ಅಂದರೆ ನಮ್ಮ ಜೋಳದ ತೆನೆ. ಕೋಟೆ ಗೋಡೆಯ ತೆನೆಗಳ ಹಾಗಿದ್ದರೆ ಕೋಟಿ ಕಮ್ಮಲಿ. ಬಾಚಣಿಗೆಯ ಹಾಗಿದ್ದರೆ ಹಣಿಗೆ. ಗುಡ್ಡದ ಸಾಲಿನ ಹಾಗಿದ್ದರೆ ರಂಪ. ದಡಿಗೂ ಹೆಸರುಗಳಿವೆ: ಗೋಮಿ, ಗಾಡಿ, ಚಿಕ್ಕಿ ಪರಾಸ. ಜೋಳ, ಕೋಟೆ, ಬಾಚಣಿಗೆ, ಗುಡ್ಡ. ಹೆಣ್ಣುಮಗಳು ಬೆಳಗ್ಗೆ ಎದ್ದು ಕಣ್ಣು ಬಿಟ್ಟರೆ ಕಾಣುವುದೆಲ್ಲ ಸೆರಗಿನಲ್ಲಿದೆ. ಯಾವ ಡಿಸೈನರ್ ಕೂತು ಮಾಡಿದ್ದು ಇದು?

ನನಗೆ ಅನ್ನಿಸೋದು, ಕೊಂಡಿ ಹುಟ್ಟಿದ್ದು ಚೆಂದಕ್ಕಾಗಿ ಅಷ್ಟೇ ಅಲ್ಲ, ಲೆಕ್ಕಾಚಾರಕ್ಕಾಗಿ. ಇಡೀ ಸೀರೆಗೆ ರೇಷ್ಮೆ ಹಾಕಿದರೆ ಎರಿ ಹೊಲದಲ್ಲಿ ಬದುಕು ಮಾಡುವ ಹೆಂಗಸು ಕೊಳ್ಳಲಾರಳು. ಕೊಂಡರೂ ಉಟ್ಟು ಕಳೆ ತೆಗೆಯಲಾರಳು. ಒಡಲು ಹತ್ತಿ ಆದರೆ ಬೆವರು ಹೀರುತ್ತೆ, ಒಗೆದರೆ ತಾಳುತ್ತೆ. ಎದೆಯ ಮೇಲೆ, ತಲೆಯ ಮೇಲೆ, ಊರಿನ ಕಣ್ಣಿಗೆ ಬೀಳುವ ಜಾಗದಲ್ಲಿ ಮಾತ್ರ ರೇಷ್ಮೆ. ಬಡವರ ಮರ್ಯಾದೆಯ ಲೆಕ್ಕ ಇದು. ಹತ್ತಿ, ರೇಷ್ಮೆ ಎರಡನ್ನೂ ಕೈ ಹಿಡಿದು ನಿಲ್ಲಿಸಿದ್ದು ಕೊಂಡಿ.

ಈಗ ಊರಿನ ಕಥೆಗೆ ಬರೋಣ. ಇಳಕಲ್ಲಿನ ಹೆಸರು ಹೊತ್ತ ವಸ್ತು ಸೀರೆ ಒಂದೇ ಅಲ್ಲ. ಆ ನೆಲದ ಕೆಂಪು ಗ್ರಾನೈಟ್ ಕಲ್ಲು ದೇಶ-ವಿದೇಶದ ಕಟ್ಟಡಗಳಿಗೆ ಹೋಗಿದೆ. ಜನರ ದುಶ್ಚಟಗಳನ್ನು ಜೋಳಿಗೆಯಲ್ಲಿ ಭಿಕ್ಷೆ ಬೇಡಿದ ಮಹಾಂತ ಸ್ವಾಮಿಗಳ ಮಠ ಅಲ್ಲಿದೆ. ಆದರೂ ಇಳಕಲ್ ಅಂದ ತಕ್ಷಣ ನಿಮ್ಮ ಬಾಯಲ್ಲಿ ಮುಂದಿನ ಪದ ಯಾವುದು? ಸೀರೆ. ಊರು ಯಾವ ಜಿಲ್ಲೆಯಲ್ಲಿದೆ ಅಂತ ಗೊತ್ತಿಲ್ಲದವರಿಗೂ ಸೀರೆ ಗೊತ್ತು.

8ನೇ ಶತಮಾನದಿಂದ ಈ ಸೀರೆ ಇದೆ ಅಂತ ಹೇಳುವುದು ವಾಡಿಕೆ. ನಾನೂ ಪ್ಯಾಕೇಜ್‌ಗಳಲ್ಲಿ ಹಾಗೇ ಓದಿದ್ದೀನಿ. ಆದರೆ ಬಟ್ಟೆ ಕಲ್ಲಲ್ಲ, ಸಾವಿರ ವರ್ಷ ಉಳಿಯಲ್ಲ. ಉಳಿದಿರುವ ಕಲ್ಲು ಹೇಳುವ ಕಥೆ ಬೇರೆ ಇದೆ, ಅದೇನೂ ಕಡಿಮೆಯದ್ದಲ್ಲ. ಐಹೊಳೆ ಇರುವುದು ಇಳಕಲ್ಲಿನ ಪಕ್ಕದ ಹುನಗುಂದ ಸೀಮೆಯಲ್ಲಿ. ನಾವು ಅಲ್ಲಿಗೆ ಹೋಗೋದು ದುರ್ಗದ ಗುಡಿ ನೋಡೋಕೆ. ಆದರೆ ಮಧ್ಯಯುಗದ ದಕ್ಷಿಣ ಭಾರತಕ್ಕೆ ಐಹೊಳೆ ಅಂದರೆ ಅಯ್ಯಾವೊಳೆ ಐನೂರ್ವರು, ಅಂದರೆ ಕನ್ನಡ, ತಮಿಳು, ತೆಲುಗು ನಾಡುಗಳಲ್ಲೆಲ್ಲ ಶಾಸನ ಬಿಟ್ಟುಹೋದ, ಸಮುದ್ರದಾಚೆಗೂ ವ್ಯಾಪಾರ ಮಾಡಿದ ವರ್ತಕ ಸಂಘ. ವಚನಕಾರರಲ್ಲಿ ಹಿರಿಯನಾದ ದಾಸಿಮಯ್ಯನ ಹೆಸರಿನ ಮುಂದೆ 'ಜೇಡರ' ಅಂತ ಇದೆಯಲ್ಲ, ಅದರ ಅರ್ಥ ನೇಕಾರ. ಮಗ್ಗವೂ ಮಾರುಕಟ್ಟೆಯೂ ಈ ನೆಲಕ್ಕೆ ಹೊಸದಲ್ಲ ಅನ್ನೋಕೆ ಇಷ್ಟು ಸಾಕು.

ಬ್ರಿಟಿಷರ ಕಾಲಕ್ಕೆ ಇದು ಬೊಂಬಾಯಿ ಪ್ರಾಂತ್ಯದ ಕಲಾದಗಿ ಜಿಲ್ಲೆ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ಆಯಿತಲ್ಲ, ಅದರ ಬಿಸಿ ಇಲ್ಲಿಗೂ ತಟ್ಟಿತು. ಅಲ್ಲಿಂದ ಹತ್ತಿ ನಿಂತಿತು. ಮ್ಯಾಂಚೆಸ್ಟರ್ ಗಿರಣಿಗಳ ಕಣ್ಣು ನಮ್ಮ ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಬೆಲೆ ಗಗನಕ್ಕೆ. ಹತ್ತಿ ಬೆಳೆದವನ ಕೈಯಲ್ಲಿ ದುಡ್ಡು, ಹತ್ತಿ ಕೊಳ್ಳಬೇಕಾದ ನೇಕಾರನ ಕೈಯಲ್ಲಿ ಚಿಪ್ಪು. ಇಲ್ಲಿಂದ ಹೋದ ಹತ್ತಿಯೇ ಗಿರಣಿ ಬಟ್ಟೆಯಾಗಿ ಇಲ್ಲಿಗೇ ವಾಪಸ್ ಬಂತು, ಅಗ್ಗಕ್ಕೆ.

ಅದಾಗಿ ಹತ್ತು ವರ್ಷಕ್ಕೆ ಧಾತು ಸಂವತ್ಸರದ ಬರ. 1876ರಿಂದ 78. ಈ ಬರದ ಬಗ್ಗೆ ನಾವು ಶಾಲೆಯಲ್ಲಿ ಒಂದು ಸಾಲು ಓದಿ ಮುಂದೆ ಹೋಗ್ತೀವಿ. ಅಂಕಿ ಕೇಳಿ. 1872ರ ಜನಗಣತಿಯಲ್ಲಿ ಕಲಾದಗಿ ಜಿಲ್ಲೆಯ ಜನಸಂಖ್ಯೆ ಸುಮಾರು 8 ಲಕ್ಷ 16 ಸಾವಿರ. 1881ರಲ್ಲಿ ಸುಮಾರು 6 ಲಕ್ಷ 38 ಸಾವಿರ. ಐದು ಜನ ಇದ್ದ ಮನೆಯಲ್ಲಿ ಒಬ್ಬರು ಇಲ್ಲ. ಸತ್ತರು, ಇಲ್ಲಾ ಊರು ಬಿಟ್ಟರು. ಬರದಲ್ಲಿ ಮೊದಲು ನಿಲ್ಲುವುದು ಯಾವುದು ಗೊತ್ತಾ? ಹೊಸ ಬಟ್ಟೆ. ಹಸಿದವರು ಹಳೆ ಸೀರೆಗೆ ತೇಪೆ ಹಾಕ್ತಾರೆ. ಮಳೆ ಹೋದರೆ ರೈತನ ಜೊತೆ ನೇಕಾರನೂ ಮುಳುಗುತ್ತಾನೆ, ಅವನಿಗೆ ಮುಂದಿನ ಮಳೆಗೆ ಬಿತ್ತೋಕೆ ಹೊಲವೂ ಇರಲ್ಲ. ಇಷ್ಟಾದ ಮೇಲೂ ಕೊಂಡಿ ಹಾಕುವ ಕೈಗಳು ಉಳಿದವು ಅನ್ನೋದೇ ನನಗೆ ಆಶ್ಚರ್ಯ.

ಕಾಲಕಾಲಕ್ಕೆ ಇಳಕಲ್ ಹೊಂದಿಕೊಂಡಿದೆ ಕೂಡ. ಗಿಡಮೂಲಿಕೆಯ ಬಣ್ಣ ಹೋಗಿ ರಾಸಾಯನಿಕ ಬಣ್ಣ ಬಂತು. ಶುದ್ಧ ರೇಷ್ಮೆ ದುಬಾರಿಯಾದಾಗ ಕೃತಕ ರೇಷ್ಮೆ ಬಂತು, ಅದನ್ನು ಅಲ್ಲಿನವರು 'ಚಮಕಾ' ಅಂತಾರೆ. ಎಂಥ ಹೆಸರು ನೋಡಿ, ಹೊಳಪು ಒಂದನ್ನೇ ಕೊಟ್ಟು ಉಳಿದದ್ದರ ಬಗ್ಗೆ ಸುಮ್ಮನಿರುತ್ತೆ. 'ಪರಂಪರೆ ಕೆಟ್ಟಿತು' ಅಂತ ಇದಕ್ಕೆ ಗೋಳಾಡುವವರಿದ್ದಾರೆ. ನನಗೆ ಹಾಗೆ ಅನ್ನಿಸಲ್ಲ. ನೂಲು ಬದಲಾಯಿತು, ಬಣ್ಣ ಬದಲಾಯಿತು, ಕೊಂಡಿ ಬದಲಾಗಲಿಲ್ಲ.

ಇನ್ನೊಂದು ಮಾತು ನಾವು ರಾಜ್ಯೋತ್ಸವದ ದಿನ ಮರೀತೀವಿ. 1956ರ ನವೆಂಬರ್ 1ರವರೆಗೆ ಇಳಕಲ್ ಇದ್ದದ್ದು ಬೊಂಬಾಯಿ ರಾಜ್ಯದಲ್ಲಿ. ಮಹಾರಾಷ್ಟ್ರದ ಹೆಂಗಸರು ಈ ಸೀರೆಯನ್ನು ಇವತ್ತಿಗೂ 'ಇರಕಲ್' ಅಂತಾರೆ, ಕಚ್ಚೆ ಹಾಕಿ ಒಂಬತ್ತು ಗಜದ್ದನ್ನು ಉಡುತ್ತಾರೆ. ಹಳೇ ಮೈಸೂರಿನ ಮನೆಗಳಲ್ಲಿ ನಮ್ಮಜ್ಜಿಯಂಥವರಿಗೆ ಇದರ ಗುರುತೇ ಇರಲಿಲ್ಲ. ಅವರ ಪೆಟ್ಟಿಗೆಯಲ್ಲಿ ಮೊಳಕಾಲ್ಮೂರು ಇತ್ತು, ಮೈಸೂರು ರೇಷ್ಮೆ ಇತ್ತು. ಅಂದರೆ ಈ ಸೀರೆ ಮೊದಲು ಒಂದು ಸೀಮೆಯ ಹೆಂಗಸರ ದಿನನಿತ್ಯದ ಉಡುಗೆ. ಗುಳೇದಗುಡ್ಡದ ಖಣದ ಕುಪ್ಪಸ, ಇಳಕಲ್ಲಿನ ಸೀರೆ, ಮದುವೆಗೆ ಗಿರಿ ಕುಂಕುಮ, ಕಪ್ಪು ಚಂದ್ರಕಾಳಿ ಮೇಲೆ ಗೋಪುರ-ಆನೆ-ಪಲ್ಲಕ್ಕಿಯ ಕಸೂತಿ. ಇಡೀ ಕರ್ನಾಟಕದ ಗುರುತಾದದ್ದು ಏಕೀಕರಣದ ನಂತರ. ಗುರುತಾಗುವ ಹೊತ್ತಿಗೆ ದಿನಾ ಉಡುವವರು ಕಡಿಮೆಯಾಗ್ತಾ ಬಂದಿದ್ದರು. ಹಳ್ಳಿಯ ಹುಡುಗಿ ಪಾಲಿಯೆಸ್ಟರ್ ಉಟ್ಟಳು, ನಾವು ಪೇಟೆಯವರು ವರ್ಷಕ್ಕೊಂದು ದಿನ ಇಳಕಲ್ ಉಡೋಕೆ ಶುರು ಮಾಡಿದೆವು.

ಸರ್ಕಾರಗಳು ಏನೂ ಮಾಡಿಲ್ಲ ಅಂತ ಹೇಳಲ್ಲ. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಬಂತು, ಪ್ರಿಯದರ್ಶಿನಿ ಮಳಿಗೆಗಳು ಬಂದವು. 1985ರಲ್ಲಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನು ಬಂತು. ಅದರ ವಿರುದ್ಧ ಕೋರ್ಟಿಗೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಆದರೆ ಮೊದಲು 22 ಬಗೆ ಇದ್ದ ಪಟ್ಟಿ ಆಮೇಲೆ 11ಕ್ಕೆ ಇಳಿಯಿತು. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಜಿಐ ಮಾನ್ಯತೆ ಕೂಡ ಇದೆ. 2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರ ಸ್ವದೇಶಿ ಚಳವಳಿಯ ನೆನಪಿಗೆ.

ಅದೇ 2020ರ ಜುಲೈ 27ರಂದು ಕೇಂದ್ರ ಸರ್ಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದು ಮಾಡಿತು. ಹನ್ನೊಂದು ದಿನ ಬಿಟ್ಟು ಕೈಮಗ್ಗ ದಿನ! ನಾವೇನು ಮಾಡಿದೆವು? ಆಗಸ್ಟ್ 7ಕ್ಕೆ ಚೆಂದದ ಗ್ರಾಫಿಕ್ಸ್ ಹಾಕಿದೆವು. ಮಂಡಳಿ ಹೋದ ಸುದ್ದಿ ಕೆಳಗೆ ಸ್ಕ್ರಾಲ್‌ನಲ್ಲಿ ಹೋಗಿತ್ತು. 2023ರ ಫೆಬ್ರವರಿ 1ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಧಾರವಾಡದ ಕಸೂತಿ ಇದ್ದ ಇಳಕಲ್ ರೇಷ್ಮೆ ಸೀರೆ ಉಟ್ಟು ಬಜೆಟ್ ಮಂಡಿಸಿದರು. ಅವತ್ತು ಸೀರೆಯ ಬಗ್ಗೆ ನಾವು ಮಾತಾಡಿದ್ದೇ ಮಾತಾಡಿದ್ದು. ಆ ಬಜೆಟ್ಟಿನಲ್ಲಿ ನೇಕಾರರಿಗೆ ಏನಿದೆ ಅಂತ ಅವತ್ತು ನಮ್ಮ ಸ್ಟುಡಿಯೋದಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಸಚಿವೆ ಸೀರೆ ಉಟ್ಟಿದ್ದು ತಪ್ಪಲ್ಲ, ಒಳ್ಳೆಯದೇ. ಪ್ರಶ್ನೆ ಕೇಳಬೇಕಾಗಿದ್ದವರು ನಾವು.

ಆ ಫೋನ್ ಕರೆ ಬಂದ ಮೇಲೆ ಒಂದು ಸಲ, ಚುನಾವಣಾ ವರದಿಗೆ ಅಂತ ಆ ಕಡೆ ಹೋದಾಗ ಇಳಕಲ್ಲಿನಲ್ಲಿ ಇಳಿದೆ. ಕರೆ ಮಾಡಿದವರನ್ನು ಹುಡುಕುವುದು ಆಗಲಿಲ್ಲ, ನಂಬರ್ ಬರೆದುಕೊಳ್ಳುವ ಬುದ್ಧಿ ಅವತ್ತು ಬಂದಿರಲಿಲ್ಲ. ಯಾರೋ ಒಂದು ಮನೆಗೆ ಕರೆದುಕೊಂಡು ಹೋದರು. ಒಳಗೆ ಕುಣಿ ಮಗ್ಗ. ನೆಲದಲ್ಲಿ ಗುಂಡಿ, ಗುಂಡಿಯೊಳಗೆ ಕಾಲು ಬಿಟ್ಟು ಯಜಮಾನರು ಕೂತಿದ್ದರು. ಲಾಳಿಯ ಸದ್ದಿಗೆ ನಮ್ಮ ಮೈಕ್ ಬೇರೇನನ್ನೂ ಹಿಡೀಲಿಲ್ಲ. ಪಡಸಾಲೆಯಲ್ಲಿ ಅವರ ಹೆಂಡತಿ ಕೊಂಡಿ ಹಾಕ್ತಾ ಇದ್ದರು. ಬೆರಳು ಓಡೋದು ಕಾಣಲ್ಲ, ಎಳೆ ಸೇರಿದ್ದು ಮಾತ್ರ ಕಾಣುತ್ತೆ. ನಮ್ಮ ಕ್ಯಾಮೆರಾಮನ್ ಸಾಕಷ್ಟು ಹೊತ್ತು ಫೋಕಸ್ ಮಾಡೋಕೆ ಒದ್ದಾಡಿ, 'ಮೇಡಂ, ಸ್ವಲ್ಪ ನಿಧಾನ ಮಾಡೋಕೆ ಹೇಳಿ' ಅಂದ. ಆಕೆ ನಕ್ಕು, 'ನಿಧಾನ ಮಾಡಿದ್ರ ತಪ್ಪತೈತ್ರಿ' ಅಂದರು.

ಒಂದು ಸೀರೆಗೆ ಎಷ್ಟು ಕೂಲಿ ಅಂತ ಯಜಮಾನರನ್ನು ಕೇಳಿದೆ, ಹೇಳಿದರು. ಅದರಲ್ಲಿ ಕೊಂಡಿಗೆ ಎಷ್ಟು ಅಂತ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಉತ್ತರ ಹೇಳಿದ್ದು ಆಕೆ, ತಲೆ ಎತ್ತದೆ:

'ಅದಕ್ಕ ಬ್ಯಾರೆ ಕೂಲಿ ಎಲ್ಲಿದ್ರಿ? ಅದು ಮನಿ ಕೆಲಸ.'

ಇಡೀ ಸೀರೆಯನ್ನು ಇಳಕಲ್ ಸೀರೆ ಮಾಡುವ ಕೆಲಸ ಅದು. ಯಂತ್ರಕ್ಕೆ ಇವತ್ತಿಗೂ ಸುಲಭವಾಗಿ ದಕ್ಕದ ಕೆಲಸ. ನಕಲಿ ಯಾವುದು, ಅಸಲಿ ಯಾವುದು ಅಂತ ಟಿವಿಯಲ್ಲಿ ನೋಡಿದರೂ ಹೇಳಬಹುದಾದ ಗುರುತು. ಆ ಮನೆಯ ಲೆಕ್ಕದಲ್ಲಿ ಅದು ರೊಟ್ಟಿ ಬಡಿದ ಹಾಗೆ, ನೀರು ತಂದ ಹಾಗೆ. 2019-20ರ ಕೈಮಗ್ಗ ಗಣತಿ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ದುಡಿಮೆಗಾರರು, ಅವರಲ್ಲಿ 25 ಲಕ್ಷಕ್ಕೂ ಹೆಚ್ಚು ಹೆಂಗಸರು. 'ನೇಕಾರ' ಅಂದರೆ ಮಾತ್ರ ನಮ್ಮ ಕಣ್ಣ ಮುಂದೆ ಬರೋದು ಗುಂಡಿಯೊಳಗೆ ಕೂತ ಗಂಡಸು. ನಾನು ಮೊದಲು ಮೈಕ್ ಹಿಡಿದಿದ್ದು ಯಜಮಾನರ ಮುಂದೆ ತಾನೇ?

ನನ್ನ ಹಸಿರು ಸೀರೆಯನ್ನು ನಾನು ಎಸೆದಿಲ್ಲ. ಅದನ್ನು ಪವರ್‌ಲೂಮಿನಲ್ಲಿ ನೇಯ್ದವರೂ ನೇಕಾರರೇ. ಇದೇ ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯಲ್ಲಿ ಆ ಮಗ್ಗಗಳ ಸದ್ದಿನಲ್ಲಿ ಬದುಕುವ ಕುಟುಂಬಗಳಿಗೂ ಹೊಟ್ಟೆ ಇದೆ. ಜಗಳ ಮಗ್ಗ ಮಗ್ಗದ ನಡುವಿನದಲ್ಲ. ಅದನ್ನು ಅದೇ ಹೆಸರಿನಲ್ಲಿ ಮಾರಿ ಸಿಗಲಿ, ಯಾರ ತಕರಾರೂ ಇಲ್ಲ. ಕೈಮಗ್ಗದ ಹೆಸರು ಹೇಳಿ ಮಾರಿದಾಗ ಆ ಪಡಸಾಲೆಯ ಹೆಂಗಸಿನ ಅರ್ಧ ದಿನದ ಕೆಲಸಕ್ಕೆ ಮೊದಲೇ ಇಲ್ಲದ ಬೆಲೆ ಇನ್ನೂ ಇಲ್ಲದಾಗುತ್ತೆ. ಜಿಐ ಕಾನೂನು ಇರುವುದೇ ಇದಕ್ಕೆ. ಆದರೆ ಅಂಗಡಿಯ ಕೌಂಟರಿನಲ್ಲಿ ನಿಂತವಳು ನಾನು. ಸೆರಗು ತಿರುಗಿಸಿ ನೋಡಬೇಕಾದವಳೂ ನಾನೇ. ಒಡಲು ಮುಗಿದು ಸೆರಗು ಶುರುವಾಗುವ ಗೆರೆಯಲ್ಲಿ ಬೆಳಕಿಗೆ ಹಿಡಿದರೆ ಕುಣಿಕೆಗಳ ಸಾಲು ಕಾಣಬೇಕು, ಅದರಾಚೆ ಕೆಂಪು ಬರೀ ಕೆಂಪಾಗಿರಬೇಕು. ಅಷ್ಟು ಗೊತ್ತಿದ್ದರೆ ಸಾಕಾಗಿತ್ತು.

ಹೊರಡುವ ಮೊದಲು ನಾನೂ ಒಮ್ಮೆ ಕೊಂಡಿ ಹಾಕಿ ನೋಡ್ತೀನಿ ಅಂದೆ. ಆಕೆ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಕಾಲೇಜಿನಿಂದ ಆಗಷ್ಟೇ ಬಂದಿದ್ದ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಿನಗೆ ಬರುತ್ತೇನಮ್ಮಾ ಅಂದರೆ, 'ಬರತೈತ್ರಿ, ಆದ್ರ ಹಾಕಂಗಿಲ್ಲ, ನಾ ನರ್ಸಿಂಗ್ ಮಾಡಾಕತ್ತೀನಿ' ಅಂದಳು. ಅದರಲ್ಲಿ ಹೆಮ್ಮೆ ಇತ್ತು, ಇರಬೇಕಾದದ್ದೇ. ತಾಯಿಗೂ ಬೇಜಾರಿದ್ದಂತೆ ಕಾಣಲಿಲ್ಲ.

ನಾನು ಕಷ್ಟಪಟ್ಟು ಇಪ್ಪತ್ತು ಎಳೆ ಸೇರಿಸಿದೆ. ಕತ್ತು ನೋಯುತ್ತಿತ್ತು, ಕಣ್ಣು ಮಂಜಾಗಿತ್ತು. ಆಕೆ ಚಹಾ ಕೊಟ್ಟರು. ನಾನು ಲೋಟ ಕೆಳಗಿಡುವಷ್ಟರಲ್ಲಿ ಇಪ್ಪತ್ತರಲ್ಲಿ ಹದಿನೇಳನ್ನು ಬಿಚ್ಚಿ, ಮತ್ತೆ ಹಾಕಿ ಮುಗಿಸಿದ್ದರು.